ಹೆಸರಿಲ್ಲದ ಅಂಗಗಳು

ಇಂಗ್ಲೆಂಡಿನ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಬೇಸಗೆಯ ಅವಧಿ ಬಂದಿತೆಂದರೆ, ಹತ್ತು-ಹನ್ನೊಂದು ವರ್ಷದ ಮಕ್ಕಳ ತರಗತಿಯ ಮೂಲೆಯಲ್ಲಿ, ಮುಚ್ಚಳಕ್ಕೆ ಸೀಳು ಕೊಯ್ದ ಒಂದು ರಟ್ಟಿನ ಪೆಟ್ಟಿಗೆ ಬಂದು ಕುಳಿತುಕೊಳ್ಳುತ್ತದೆ. ಕೈಯೆತ್ತಿ ಕೇಳಲು ನಾಚಿಕೆಯಾಗುವ ಪ್ರಶ್ನೆಯನ್ನು ಮಗುವು ತನ್ನ ಹೆಸರು ಹಾಕದೆ ಚೀಟಿಯಲ್ಲಿ ಬರೆದು ಅದರೊಳಗೆ ಇಳಿಬಿಡಬಹುದು. ಉಪಾಧ್ಯಾಯರು ಆ ಚೀಟಿಗಳನ್ನು ಏಕಾಂತದಲ್ಲಿ ಓದಿ, ಎಲ್ಲರೆದುರು ಉತ್ತರಿಸತಕ್ಕವು ಯಾವುವು, ತಾಯಿತಂದೆಗಳಿಗೆ ಬಿಡತಕ್ಕವು ಯಾವುವು, ಯಾವುದರ ವಕ್ರಾಕ್ಷರಗಳ ಹಿಂದೆ ಒಂದು ಎಳೆಯ ಜೀವದ ಸಂಕಟ ಅಡಗಿದೆ ಎಂಬುದನ್ನು ವಿಂಗಡಿಸಿಕೊಂಡು ಮರುದಿನ ತರಗತಿಗೆ ಬರುತ್ತಾರೆ.

ಆ ಪೆಟ್ಟಿಗೆಗೆ ಎಡೆಮಾಡಿದ ಪಾಠಕ್ಕೆ ಅಲ್ಲಿಯ ಸರ್ಕಾರವು ಕೊಟ್ಟಿರುವ ಹೆಸರು ‘ಸಂಬಂಧ, ಲೈಂಗಿಕತೆ ಮತ್ತು ಆರೋಗ್ಯ ಶಿಕ್ಷಣ’ ಎಂಬ ಉದ್ದವಾದದ್ದು. 2017ರ ಶಾಸನವೊಂದು ಇದಕ್ಕೆ ಬುನಾದಿಯಾಯಿತು. 2019ರಲ್ಲಿ ಮಾರ್ಗದರ್ಶಿ ಪ್ರಕಟವಾಗಿ, 2020ರ ಸೆಪ್ಟೆಂಬರಿನಿಂದ ಪ್ರಾಥಮಿಕ ಶಾಲೆಗಳಲ್ಲಿ ಸಂಬಂಧಗಳ ಶಿಕ್ಷಣವು ಕಡ್ಡಾಯವಾಯಿತು. ಹೆಸರನ್ನು ಕೇಳಿದೊಡನೆ ಗಾಬರಿಗೊಳ್ಳುವವರು ಗಮನಿಸದೆ ಬಿಡುವ ಸಂಗತಿಯೊಂದಿದೆ: ಆ ಮೂರರ ನಡುವಣದು, ಎಂದರೆ ಲೈಂಗಿಕ ಶಿಕ್ಷಣವೆಂಬುದು, ಪ್ರಾಥಮಿಕ ಹಂತದಲ್ಲಿ ಕಡ್ಡಾಯವೇ ಅಲ್ಲ. ಐದು ವರ್ಷದ ಮಗು ಅಲ್ಲಿ ಕಲಿಯುವುದು ಮನೆಯವರೆಂದರೆ ಯಾರು, ಗೆಳೆಯನೊಡನೆ ಜಗಳವಾದರೆ ಮರಳಿ ಮಾತನಾಡುವುದು ಹೇಗೆ, ಹಲ್ಲುಜ್ಜುವುದೇಕೆ, ನಿದ್ದೆ ಎಷ್ಟು ಬೇಕು ಎಂಬಂಥವನ್ನು. ಋತುಸ್ರಾವವನ್ನು ಕುರಿತ ಪಾಠವು, ಅದು ಮೊದಲಾಗುವುದಕ್ಕೆ ಮುನ್ನವೇ ನಡೆದು, ಹುಡುಗಿಯೊಬ್ಬಳು ಶಾಲೆಯ ಶೌಚಾಲಯದಲ್ಲಿ ರಕ್ತವನ್ನು ಕಂಡು ತನಗೇನೋ ಮಾರಕ ರೋಗ ತಗುಲಿತೆಂದು ನಡುಗುವ ಪ್ರಸಂಗ ಬಾರದಂತೆ ನೋಡಿಕೊಳ್ಳಬೇಕೆಂಬುದು ಆರೋಗ್ಯ ಶಿಕ್ಷಣದ ಆಶಯ. ಮಗು ಗರ್ಭದಲ್ಲಿ ನೆಲೆಗೊಳ್ಳುವ ಬಗೆಯನ್ನು ಮೇಲಿನ ತರಗತಿಗಳಲ್ಲಿ ಹೇಳಿಕೊಡುವ ಶಾಲೆಗಳುಂಟು. ಅದು ಬೇಡವೆನ್ನುವ ತಾಯಿತಂದೆಗಳು ಕೇಳಿಕೊಂಡರೆ ಮುಖ್ಯೋಪಾಧ್ಯಾಯರು ಆ ಮಗುವನ್ನು ಪಾಠದಿಂದ ಬಿಡಲೇಬೇಕು. ಆದರೆ ವಿಜ್ಞಾನದ ಪಾಠದಿಂದಾಗಲಿ ಸಂಬಂಧಗಳ ಪಾಠದಿಂದಾಗಲಿ ಬಿಡಿಸಿಕೊಳ್ಳುವ ಹಕ್ಕಿಲ್ಲ. ನೆರೆಯ ವೇಲ್ಸ್‌ನಲ್ಲಿ 2022ರಿಂದೀಚೆಗೆ ಲೈಂಗಿಕ ಶಿಕ್ಷಣದಿಂದ ಬಿಡಿಸಿಕೊಳ್ಳುವ ಬಾಗಿಲೂ ಮುಚ್ಚಿದೆ.

ನನ್ನ ಮಟ್ಟಿಗೆ ಈ ಶಿಕ್ಷಣದ ಸಾರವಿರುವುದು ಮೇಲಿನ ತರಗತಿಯ ಪೆಟ್ಟಿಗೆಯಲ್ಲಿ ಅಲ್ಲ, ಕೆಳಗಿನ ತರಗತಿಯ ಶಬ್ದಕೋಶದಲ್ಲಿ. ಐದಾರು ವರ್ಷದ ಮಕ್ಕಳಿಗೆ ಮೂಗು, ಮೊಣಕೈ, ಹಿಮ್ಮಡಿಗಳ ಹೆಸರು ಹೇಳಿಕೊಡುವಾಗ, ಒಳಉಡುಪು ಮುಚ್ಚುವ ಅಂಗಗಳ ಹೆಸರನ್ನೂ ಅದೇ ದನಿಯಲ್ಲಿ, ನಗದೆ, ತಡವರಿಸದೆ ಹೇಳಿಕೊಡುವ ಉಪಾಧ್ಯಾಯರು ಅಲ್ಲಿ ಹಲವರು. ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯಲೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಹುಟ್ಟಿದ ಎನ್‌ಎಸ್‌ಪಿಸಿಸಿ ಎಂಬ ಸಂಸ್ಥೆಯು ಅಲ್ಲಿ ಒಳಚಡ್ಡಿಯನ್ನು ಸೂಚಿಸುವ ‘ಪ್ಯಾಂಟ್ಸ್’ ಎಂಬ ಇಂಗ್ಲಿಷ್ ಪದದ ಒಂದೊಂದು ಅಕ್ಷರಕ್ಕೂ ಒಂದೊಂದು ಮಾತನ್ನು ಹೊಂದಿಸಿದೆ: ಗುಪ್ತಾಂಗವು ಗುಪ್ತವಾದುದು, ನಿನ್ನ ಮೈ ನಿನ್ನದು, ಬೇಡವೆಂದರೆ ಬೇಡ, ಮನಸ್ಸು ಕಲಕುವ ಗುಟ್ಟನ್ನು ಹೇಳಿಬಿಡು, ಕೇಳಿ ನೆರವಾಗುವವರು ಇದ್ದಾರೆ. ಅವನ್ನು ಹಾಡಿ ಕುಣಿದು ಕಲಿಸಲು ಚಡ್ಡಿ ತೊಟ್ಟ ಹಳದಿ ಡೈನೋಸಾರ್ ಒಂದಿದೆ. ನಗು ಬರಬಹುದು, ಆದರೆ ಅಜ್ಜಿಯ ಹುಟ್ಟುಹಬ್ಬಕ್ಕೆ ತಂದ ಉಡುಗೊರೆಯನ್ನು ಬಚ್ಚಿಡುವುದು ನಾಳೆ ಎಲ್ಲರಿಗೂ ತಿಳಿಯತಕ್ಕ ಸಂತಸ, ‘ಯಾರಿಗೂ ಎಂದಿಗೂ ಹೇಳಬೇಡ’ ಎಂದು ದೊಡ್ಡವರು ಹೊರಿಸುವ ಗುಟ್ಟು ಬೇರೆಯೇ ಜಾತಿಯದು ಎಂಬ ವಿವೇಕವು ಆರು ವರ್ಷದ ಬುದ್ಧಿಗೆ ಎಟುಕುವಂತೆ ಇಳಿದುಬರಬೇಕಾದರೆ, ದೊಡ್ಡವರು ಸ್ವಲ್ಪ ಗಾಂಭೀರ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಹೆಸರಿಲ್ಲದ ಅಂಗಕ್ಕೆ ಆದ ನೋವನ್ನು ಮಗು ವೈದ್ಯರಿಗೆ ಹೇಳುವುದೆಂತು? ಮನೆಯವರಿಗಷ್ಟೇ ಅರ್ಥವಾಗುವ ಮುದ್ದು ಹೆಸರನ್ನು ಅದು ಉಚ್ಚರಿಸಿದರೆ ಪೊಲೀಸರು ಬರೆದುಕೊಳ್ಳುವುದಾದರೂ ಏನನ್ನು?

ಇಲ್ಲಿ ನಮ್ಮ ನುಡಿಯ ದಾರಿದ್ರ್ಯ ನೆನಪಾಗುತ್ತದೆ. ಶಿಶ್ನ, ಯೋನಿ ಎಂಬ ಸಂಸ್ಕೃತ ಪದಗಳು ಪಠ್ಯಪುಸ್ತಕದ ಚಿತ್ರದ ಪಕ್ಕದಲ್ಲಿ ಗೆರೆಯೆಳೆದು ಬರೆಯಲು ಸಲ್ಲುತ್ತವೆ. ಅಚ್ಚಗನ್ನಡದ ಪದಗಳೋ ಬೈಗುಳಕ್ಕೆ ಬಳಕೆಯಾಗಿ ಬಾಯಿ ಹೊಲಸು ಮಾಡುವವುಗಳ ಪಟ್ಟಿಗೆ ಸೇರಿಬಿಟ್ಟಿವೆ. ನಡುವೆ ಮನೆಮಾತಿಗೆ ಒಗ್ಗುವ ಹೆಸರೇ ಇಲ್ಲದೆ, ಬತ್ತಲೆ ಓಡಾಡುವ ಕೂಸಿಗೆ ‘ಶೇಮ್ ಶೇಮ್’ ಎಂದು ಹೇಳಿ ಮುಗಿಸುತ್ತೇವೆ. ಮುಟ್ಟಾದವಳನ್ನು ‘ಕಾಗೆ ಮುಟ್ಟಿದೆ’ ಎಂದ ಜನ ನಾವು. ಕಾಗೆಗೂ ಅದಕ್ಕೂ ಏನು ಸಂಬಂಧವೆಂದು ಕೇಳಿದ ಮಗುವಿಗೆ ಉತ್ತರ ಸಿಕ್ಕಿದ್ದನ್ನು ನಾನಂತೂ ಕಾಣೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಈ ಮೌನವನ್ನು ಮುರಿಯಲು ಕನ್ನಡದಲ್ಲೇ ಶ್ರಮಿಸಿದರೆಂಬುದು ಸಮಾಧಾನದ ಮಾತು.

ವಿರೋಧವೇ ಇಲ್ಲದೆ ಇದೆಲ್ಲ ಅಲ್ಲಿ ನಡೆಯಿತೆಂದಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಎರಡು ಪ್ರಾಥಮಿಕ ಶಾಲೆಗಳ ಮುಂದೆ, ಕೆಲವು ಮನೆಗಳಲ್ಲಿ ಇಬ್ಬರು ತಾಯಂದಿರೋ ಇಬ್ಬರು ತಂದೆಯರೋ ಇರುತ್ತಾರೆಂಬುದನ್ನು ಪಾಠದಲ್ಲಿ ಹೇಳಿದ್ದಕ್ಕಾಗಿ, ಪೋಷಕರು ವಾರಗಟ್ಟಲೆ ಪ್ರತಿಭಟನೆ ಮಾಡಿದರು. ಅವುಗಳಲ್ಲೊಂದಾದ ಆಂಡರ್ಟನ್ ಪಾರ್ಕ್ ಶಾಲೆಯ ಸುತ್ತ ಪ್ರತಿಭಟಿಸಕೂಡದೆಂದು ಆ ವರ್ಷದ ನವೆಂಬರಿನಲ್ಲಿ ಹೈಕೋರ್ಟು ತಡೆಯಾಜ್ಞೆ ಹೊರಡಿಸಿತು. ಪಾಠವನ್ನು ತಪ್ಪಾಗಿ ಬಿಂಬಿಸಲಾಗಿದೆಯೆಂಬುದನ್ನು ನ್ಯಾಯಾಧೀಶರು ಎತ್ತಿ ಹೇಳಿದರು. ಪೋಷಕರ ಆತಂಕವನ್ನು ಮೌಢ್ಯವೆಂದು ತಳ್ಳಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಅಂಥ ಆತಂಕ ನಮಗೂ ಹೊಸದಲ್ಲ: 2007ರಲ್ಲಿ ಶಾಲೆಗಳಲ್ಲಿ ಕಿಶೋರಾವಸ್ಥೆಯ ಶಿಕ್ಷಣವನ್ನು ತಡೆಹಿಡಿದ ರಾಜ್ಯಗಳ ಸಾಲಿನಲ್ಲಿ ನಮ್ಮ ಕರ್ನಾಟಕವೂ ನಿಂತಿತ್ತಷ್ಟೆ. ಆದರೆ ಪಾಠದ ಪುಸ್ತಕವನ್ನು ನೋಡಿ ಕೋಪಿಸಿಕೊಳ್ಳುವುದಕ್ಕೂ ನೋಡದೆಯೇ ಕೋಪಿಸಿಕೊಳ್ಳುವುದಕ್ಕೂ ಅಂತರವಿದೆ.

ತನ್ನ ನೀತಿಯನ್ನು ರೂಪಿಸುವಾಗ ಶಾಲೆಯು ಪೋಷಕರೊಡನೆ ಸಮಾಲೋಚಿಸತಕ್ಕದ್ದೆಂಬ ನಿಯಮವಿರುವುದರಿಂದ, ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ಅಭಿಪ್ರಾಯ ಕೇಳುವ ಪತ್ರ ಬಂದೇ ಬರುತ್ತದೆ. ಪತ್ರಕ್ಕೆ ಉತ್ತರಿಸುವುದು ಸುಲಭ. ಕಷ್ಟವಿರುವುದು ಸಂಜೆಯ ಊಟದ ಹೊತ್ತಿನಲ್ಲಿ: ಆ ದಿನ ಕಲಿತ ಇಂಗ್ಲಿಷ್ ಹೆಸರನ್ನು, ಸಾರು ಪಲ್ಯಗಳ ಹೆಸರಿನಷ್ಟೇ ನಿರಾಳವಾಗಿ ಹೇಳಿಬಿಟ್ಟು, ‘ಅಮ್ಮಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?’ ಎಂದು ಮಗು ಕೇಳಿದರೆ, ತಾಯಿ ತಂದೆಯ ಮುಖವನ್ನು ನೋಡಬೇಕು, ತಂದೆ ಮಜ್ಜಿಗೆಯ ಪಾತ್ರೆಗೆ ಕೈಚಾಚಬೇಕು.