ಕೊಡಸಿಗೆ: ಹೂವು ಅಡುಗೆಗೆ, ತೊಗಟೆ ಮದ್ದಿಗೆ

ಬೇಸಿಗೆಯ ಕೊನೆಗೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಬೇಣಗಳಲ್ಲಿ, ಸೊಪ್ಪಿನಬೆಟ್ಟದ ಅಂಚಿನಲ್ಲಿ ಕೊಡಸಿಗೆ ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಡುತ್ತದೆ. ಬೆಳೆಯಲು ಬಿಟ್ಟರೆ ಇದು ಸಣ್ಣ ಮರ. ತೋಟಕ್ಕೆ ಸೊಪ್ಪು ಕಡಿಯುವ ನಮ್ಮ ಕಡೆ ಬುಡದಿಂದ ಮತ್ತೆ ಮತ್ತೆ ಚಿಗುರಿ ಪೊದೆಯಾಗಿಯೇ ಉಳಿಯುವುದು ಹೆಚ್ಚು. ಎಲೆ ಮುರಿದರೆ ಹಾಲು ಜಿನುಗುತ್ತದೆ. ಕಣಗಿಲೆ, ನಂದಿಬಟ್ಟಲಿನ ಕುಟುಂಬದ ಗಿಡವಿದು. ಆಯುರ್ವೇದದ ಕುಟಜ, ಸಸ್ಯಶಾಸ್ತ್ರದ ಹೊಲರೆನಾ ಪ್ಯುಬೆಸೆನ್ಸ್.

ಮಲೆನಾಡಿನ ಮನೆಗಳಲ್ಲಿ ಈ ಹೂವನ್ನು ಕಿತ್ತು ಒಣಗಿಸಿ ಡಬ್ಬಿಯಲ್ಲಿಡುತ್ತಾರೆ. ಮಳೆ ಹಿಡಿದ ಮೇಲೆ ಒಂದು ಹಿಡಿ ತೆಗೆದು ತುಪ್ಪದಲ್ಲಿ ಹುರಿದು, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಹೊಟ್ಟೆ ಕೆಡುವ ಕಾಲಕ್ಕೆ ಸರಿಯಾಗಿ ಅದು ಎಲೆಗೆ ಬರುತ್ತದೆ.

ಮದ್ದಿನ ನಿಜವಾದ ಕಸುವಿರುವುದು ತೊಗಟೆ ಮತ್ತು ಬೀಜದಲ್ಲಿ. ಮಳೆಗಾಲದಲ್ಲಿ ಕೊಳಕು ನೀರಿನ ಮೂಲಕ ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಏಕಕೋಶ ಜೀವಿ ಗಟ್ಟಿ ಕವಚ ತೊಟ್ಟು ನಮ್ಮ ಹೊಟ್ಟೆ ಸೇರುತ್ತದೆ. ಜಠರದ ಆಮ್ಲಕ್ಕೂ ಆ ಕವಚ ಜಗ್ಗುವುದಿಲ್ಲ. ಸಣ್ಣ ಕರುಳಿನಲ್ಲಿ ಅದನ್ನು ಕಳಚಿ, ದೊಡ್ಡ ಕರುಳಿಗಿಳಿದು ಅದರ ಒಳಗೋಡೆಯನ್ನು ಕೊರೆಯುತ್ತದೆ. ರಕ್ತ, ಸಿಂಬಳ ಬೀಳುವ ಆಮಶಂಕೆಗೆ ಇದೂ ಒಂದು ಕಾರಣ. ಕೊಡಸಿಗೆ ತೊಗಟೆಯಲ್ಲಿರುವ ಕೊನೆಸಿನ್ ಎಂಬ ಕಹಿ ಆಲ್ಕಲಾಯ್ಡ್ ಈ ಅಮೀಬಾವನ್ನು ಕೊಲ್ಲಬಲ್ಲದು. ಚರಕ, ಸುಶ್ರುತರ ಕಾಲದಿಂದ ಇಂದಿನ ಕುಟಜಾರಿಷ್ಟದವರೆಗೆ ಈ ತೊಗಟೆ ಭೇದಿಯ ಮದ್ದಾಗಿ ಉಳಿದು ಬಂದದ್ದು ಬರಿಯ ನಂಬಿಕೆಯ ಬಲದಿಂದಲ್ಲ.

1912ರಲ್ಲಿ ಕಲ್ಕತ್ತೆಯ ವೈದ್ಯ ಲಿಯೊನಾರ್ಡ್ ರೋಜರ್ಸ್ ಅಮೀಬಾ ಭೇದಿಗೆ ಎಮೆಟಿನ್ ಚುಚ್ಚುಮದ್ದು ಬಳಕೆಗೆ ತಂದರು. ದಕ್ಷಿಣ ಅಮೆರಿಕದ ಗಿಡದಿಂದ ಬರುವ ಆ ಮದ್ದು ಹೃದಯಕ್ಕೆ ಕೆಟ್ಟದ್ದು. ಹಾಗಾಗಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ನಮ್ಮ ಕೊಡಸಿಗೆಯನ್ನು ಪರೀಕ್ಷೆಗಿಟ್ಟರು. ಗುಣವೇನೋ ಕಂಡಿತು. ಆದರೆ ಶುದ್ಧ ಕೊನೆಸಿನ್ ಕೊಟ್ಟ ರೋಗಿಗಳಲ್ಲಿ ಕೆಲವರಿಗೆ ತಲೆಸುತ್ತು, ನಿದ್ರೆಗೇಡು, ಮನಸ್ಸಿನ ಕ್ಷೋಭೆ ಬರುವುದು ಮುಂದೆ ತಿಳಿಯಿತು. 1960ರ ದಶಕದಲ್ಲಿ ಮೆಟ್ರೊನಿಡಜೋಲ್ ಬಂದ ಮೇಲೆ ಆಸ್ಪತ್ರೆಗಳಲ್ಲಿ ಇದರ ಅಗತ್ಯ ಮುಗಿಯಿತು. ಅದಕ್ಕೇ ಹೇಳುತ್ತೇನೆ: ತಂಬುಳಿ ಊಟ, ತೊಗಟೆಯ ಕಷಾಯ ಔಷಧ; ಎರಡನ್ನೂ ಒಂದೇ ಎಂದು ಎಣಿಸಬಾರದು. ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಗಿಡ ಗುರುತಿಸುವಲ್ಲೂ ತಪ್ಪಾಗುವುದುಂಟು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಇದೇ ಕುಟುಂಬದ್ದು. ಹೂವೂ ಬಿಳಿ, ಕಾಯಿಯೂ ಜೋಡಿ. ಆದರೆ ಹಾಲೆ ಹೂವಿನ ನಡುವೆ ಕುಚ್ಚಿನಂಥ ಎಳೆಗಳಿವೆ, ಕೊಡಸಿಗೆಯಲ್ಲಿಲ್ಲ. ಹಾಲೆಯ ಎಳೆಯ ಕಾಯಿಗಳೆರಡೂ ತುದಿಯಲ್ಲಿ ಅಂಟಿಕೊಂಡಿರುತ್ತವೆ, ಕೊಡಸಿಗೆಯವು ಬಿಡಿಬಿಡಿ. ನಾಲಿಗೆಗಂತೂ ಅನುಮಾನವೇ ಬೇಡ: ಕೊಡಸಿಗೆ ಬೀಜ ಕಡುಕಹಿ, ಹಾಲೆಯದು ಹಾಗಲ್ಲ. ಹಾಲೆಯ ತೊಗಟೆ ಕೊಡಸಿಗೆಗೆ ಕಲಬೆರಕೆಯಾಗುವುದು ಗಿಡಮೂಲಿಕೆ ವ್ಯಾಪಾರದ ಹಳೆಯ ಪಿಡುಗು.

ನನಗೆ ಹೆಚ್ಚು ಕಳವಳ ತರುವುದು ತೊಗಟೆ ಸುಲಿಯುವ ರೀತಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವುದು ಒಳತೊಗಟೆಯ ಹಾದಿಯಲ್ಲಿ. ಕಾಂಡದ ಸುತ್ತಲೂ ಸುಲಿದರೆ ಆ ಹಾದಿ ಕಡಿದು ಬೇರು ಹಸಿದು ಸಾಯುತ್ತದೆ. ಕೊಂಬೆ ಕಡಿದು ಅದರ ತೊಗಟೆ ತೆಗೆದರೆ ಬುಡ ಮತ್ತೆ ಚಿಗುರುತ್ತದೆ. ಹೂ ಕೀಳುವವರು ಗಿಡಕ್ಕೆ ಇಷ್ಟೂ ನೋವು ಮಾಡುವುದಿಲ್ಲ. ಕೈಗೆಟುಕದ ಗೊಂಚಲುಗಳನ್ನು ಬಿಟ್ಟೇ ಬರುತ್ತಾರೆ. ಅವು ಉದ್ದನೆಯ ಕೋಡುಗಳಾಗಿ ಬಲಿತು, ಚಳಿಗಾಲ ಕಳೆಯುವಾಗ ಒಡೆದು, ಕೂದಲ ಕುಚ್ಚಿರುವ ಬೀಜಗಳನ್ನು ಗಾಳಿಗೆ ಬಿಡುತ್ತವೆ.