ಮಿಷನ್ ನೆಟ್ಟದ್ದು, ಊರು ಬೆಳೆದದ್ದು

1882ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಇನ್‌ಸ್ಪೆಕ್ಟರ್ ಹೆರ್ಮನ್ ಪ್ರೆಟೋರಿಯಸ್ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ಹೊರಟರು. ಜೊತೆಗೆ ಎರ್ನ್ಸ್ಟ್ ಮೇಲಿ ಎಂಬ ವೈದ್ಯರಿದ್ದರು. ಒಬ್ಬರು ಅಲ್ಲಿನ ಶಾಲೆ, ಚರ್ಚು, ಕಮ್ಮಟಗಳು ಹೇಗೆ ನಡೆಯುತ್ತಿವೆ ಎಂದು ನೋಡಬೇಕು. ಇನ್ನೊಬ್ಬರು ಅಲ್ಲಿಗೆ ಹೋದ ಮಿಷನರಿಗಳು ಯಾಕೆ ಸಾಲುಸಾಲಾಗಿ ಸಾಯುತ್ತಿದ್ದಾರೆ ಎಂದು ಪತ್ತೆ ಹಚ್ಚಬೇಕು. 1883ರಲ್ಲಿ, ಪ್ರವಾಸದ ನಡುವೆಯೇ, ಇನ್‌ಸ್ಪೆಕ್ಟರೂ ತೀರಿಕೊಂಡರು.

ಈಗ ಯುರೋಪು, ಅಮೆರಿಕದ ಚರ್ಚುಗಳಿಂದ ಗುಂಪು ಕಟ್ಟಿಕೊಂಡು ಆಫ್ರಿಕಾಕ್ಕೆ ಹೋಗಿ, ತಾವು ಹಣ ಕೊಟ್ಟ ಕೊಳವೆಬಾವಿ, ಶಾಲೆ, ಕೃಷಿ ಕೇಂದ್ರಗಳನ್ನು ನೋಡಿ ಬರುವವರು ಬೇಕಾದಷ್ಟು ಜನ. ಆ ಪ್ರವಾಸಗಳ ಹಿರಿಯಜ್ಜ ಈ ಇನ್‌ಸ್ಪೆಕ್ಷನ್. ಬಾಸೆಲ್‌ನವರಿಗೆ ಅದು ಹೊಸದೇನಲ್ಲ. ಅದಕ್ಕೂ ಮೂವತ್ತು ವರ್ಷ ಹಿಂದೆ, 1851–52ರಲ್ಲಿ, ಯೋಸೆಫ್ ಯೋಸೆನ್‌ಹಾನ್ಸ್ ಎಂಬ ಇನ್‌ಸ್ಪೆಕ್ಟರ್ ಇಂಡಿಯಾಕ್ಕೆ ಬಂದು ಮಂಗಳೂರು ಕಡೆಯ ಕೆಲಸವನ್ನೆಲ್ಲ ನೋಡಿ ಹೋಗಿದ್ದರು. ಬಾಸೆಲ್‌ನ ಸಮಿತಿಗೆ ಮಂಗಳೂರೂ ಗೋಲ್ಡ್ ಕೋಸ್ಟಿನ ಅಕ್ರೊಪಾಂಗೂ ಒಂದೇ ಮೇಜಿನ ಮೇಲಿನ ಎರಡು ಕಡತಗಳು.

ಆಫ್ರಿಕಾದ ಕಡತ ತೆರೆದುಕೊಂಡದ್ದು 1828ರ ಡಿಸೆಂಬರಿನಲ್ಲಿ, ಡೇನಿಷರ ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆಯ ಬಳಿ ನಾಲ್ವರು ಯುವಕರು ಇಳಿದಾಗ. ವರ್ಷ ತುಂಬುವುದರೊಳಗೆ ಮೂವರು ಸತ್ತರು. 1831ಕ್ಕೆ ನಾಲ್ಕನೆಯವರೂ ಹೋದರು. 1832ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲಿ ಒಬ್ಬರು ವೈದ್ಯರೇ ಆಗಿದ್ದರು, ಅವರೂ ಬದುಕಲಿಲ್ಲ. ಉಳಿದದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರನ್ನು ಉಳಿಸಿದ್ದು ಸ್ಥಳೀಯ ನಾಟಿ ವೈದ್ಯನ ಮದ್ದು. ಕಲಿಸಲು ಬಂದವರು ಮೊದಲ ಉಪಕಾರವನ್ನು ಪಡೆದದ್ದು ಅಲ್ಲಿಯವರಿಂದ. ಕರಾವಳಿಯ ಸೆಖೆಯಿಂದ ತಪ್ಪಿಸಿಕೊಳ್ಳಲು ರೀಸ್ 1835ರಲ್ಲಿ ಅಕ್ವಾಪಿಮ್ ಗುಡ್ಡದ ಸಾಲಿನ ಅಕ್ರೊಪಾಂಗ್‌ಗೆ ಹತ್ತಿದರು.

ಮುಂದಿನ ತಿರುವಿಗೆ ಅಲ್ಲಿಯ ಅರಸ ಅಡ್ಡೊ ಡಂಕ್ವಾ ಕಾರಣ ಎಂಬ ಕಥೆ ಘಾನಾದಲ್ಲಿ ಎಲ್ಲರಿಗೂ ಗೊತ್ತು. ಬಿಳಿಯರ ಪುಸ್ತಕ ಓದಬಲ್ಲ ಒಬ್ಬ ಕರಿಯನನ್ನಾದರೂ ತೋರಿಸಿ, ಆಮೇಲೆ ನೋಡೋಣ ಎಂದರಂತೆ. ನಡೆದದ್ದೋ ಕಟ್ಟಿದ್ದೋ, ಮಿಷನ್ ಮಾತ್ರ ಹಾಗೆಯೇ ಮಾಡಿತು. 1843ರ ಏಪ್ರಿಲಿನಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಇಪ್ಪತ್ತನಾಲ್ಕು ಮಂದಿ ಮೊರೇವಿಯನ್ ಕ್ರೈಸ್ತರು, ಗುಲಾಮಗಿರಿಯಿಂದ ಬಿಡುಗಡೆ ಕಂಡವರು ಮತ್ತು ಅವರ ಮಕ್ಕಳು, ಹಡಗಿನಿಂದ ಇಳಿದರು. (ಅದೇ ವರ್ಷ ಜುಲೈಯಲ್ಲಿ, ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು.) ಬಂದವರು ಮಾವು, ಬೆಣ್ಣೆಹಣ್ಣು, ಕೆಸುವಿನ ಜಾತಿಯ ಗಡ್ಡೆ ಮುಂತಾದ ಸಸಿಗಳನ್ನೂ ತಂದಿದ್ದರು. ಆ ಗಡ್ಡೆ ಇವತ್ತು ಘಾನಾದ ಊಟ. ಅದರ ಸೊಪ್ಪಿನ ಸಾರಿಲ್ಲದೆ ಎಷ್ಟೋ ಮನೆಗಳಲ್ಲಿ ದಿನ ಕಳೆಯುವುದಿಲ್ಲ. ಯಾವ ವರದಿಯ ಮುಖಪುಟಕ್ಕೂ ಬರುವಂಥದ್ದಲ್ಲ ಅದು. ಈ ಇಪ್ಪತ್ತನಾಲ್ಕು ಮಂದಿಗೂ ರೀಸ್‌ಗೂ ಚೆನ್ನಾಗಿ ಹೊಂದಲಿಲ್ಲ ಎಂಬುದೂ ಸತ್ಯ. ರೀಸ್ ವ್ಯಾಪಾರಕ್ಕಿಳಿದರೆಂಬ ದೂರೂ ಸೇರಿಕೊಂಡು 1845ರಲ್ಲಿ ವಾಪಸ್ ಹೋಗಬೇಕಾಯಿತು.

ಅವರ ನಂತರ ಕೆಲಸ ನಿಧಾನವಾಗಿ ಬೇರು ಬಿಟ್ಟಿತು. 1848ರಲ್ಲಿ ಅಕ್ರೊಪಾಂಗ್‌ನಲ್ಲಿ ಉಪದೇಶಕರ, ಶಿಕ್ಷಕರ ತರಬೇತಿ ಶಾಲೆ. ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ ಬಡಗಿ, ಕಮ್ಮಾರ, ಗಾಡಿ ಕೆಲಸದ ಕಮ್ಮಟಗಳು. 1859ರಲ್ಲಿ ಮಿಷನ್ನಿನದೇ ವ್ಯಾಪಾರ ಕಂಪನಿ. ಮಿಷನರಿ ಕ್ರಿಸ್ಟಾಲರ್ ಅಲ್ಲಿಯ ಟ್ವಿ ಭಾಷೆಗೆ ವ್ಯಾಕರಣ, ನಿಘಂಟು ಬರೆದರು. ಕಿಟ್ಟೆಲ್ ನಮ್ಮಲ್ಲಿ ಮಾಡಿದ್ದನ್ನೇ ಅವರು ಅಲ್ಲಿ, 1881ಕ್ಕೇ, ಮಾಡಿ ಮುಗಿಸಿದ್ದರು. ಮಂಗಳೂರಿನಲ್ಲಿ ಮತಾಂತರವಾದವರು ಮನೆ, ಜಾತಿ, ಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದರಿಂದ ಅವರಿಗೆ ಕೂಲಿ ಹುಟ್ಟಿಸಲು ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದವು. ಗೋಲ್ಡ್ ಕೋಸ್ಟಿನಲ್ಲಿ ಕಾರ್ಖಾನೆ ಏಳಲಿಲ್ಲ. ಅಲ್ಲಿ ಭೂಮಿ ಇತ್ತು, ಜನ ತಮ್ಮ ಭೂಮಿಯನ್ನು ಬಿಟ್ಟಿರಲಿಲ್ಲ. ಎರಡೂ ಕಡೆಯ ಕಥೆ ಬೇರೆಯಾದದ್ದು ಈ ಒಂದು ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಕೋಕೋವನ್ನು ಮಿಷನ್ನೂ ಪ್ರಯತ್ನಿಸಿತ್ತು. 1857ರ ಸುಮಾರಿಗೆ ಸುರಿನಾಮ್‌ನಿಂದ ಬೀಜ ತರಿಸಿ ಅಕ್ರೊಪಾಂಗ್‌ನಲ್ಲಿ ನೆಟ್ಟರು. ಹೆಚ್ಚು ಗಿಡ ಉಳಿಯಲಿಲ್ಲ, ಊರಿನವರೂ ಕಣ್ಣೆತ್ತಿ ನೋಡಲಿಲ್ಲ. ಆ ಗಿಡವನ್ನು ಗೆಲ್ಲಿಸಿದವನು ಟೆಟೆ ಕ್ವಾರ್ಶಿ ಎಂಬ ಕಮ್ಮಾರ. ಅವನಿಗೆ ಓದು ಬರಹ ಬರುತ್ತಿರಲಿಲ್ಲ, ಕಸುಬು ಕಲಿತದ್ದು ಮಿಷನ್ನಿನ ಕಮ್ಮಟದಲ್ಲಿ. ಕೆಲಸಕ್ಕಾಗಿ ಫರ್ನಾಂಡೊ ಪೋ ದ್ವೀಪಕ್ಕೆ ಹೋಗಿದ್ದವನು ಮರಳುವಾಗ ಕೋಕೋ ಬೀಜ ತಂದು, 1879ರಲ್ಲಿ ಅಕ್ರೊಪಾಂಗ್‌ಗೆ ಸಮೀಪದ ಮಾಂಪಾಂಗ್‌ನಲ್ಲಿ ನೆಟ್ಟ. ಕೋಕೋ ಬೀಜ ತಂದವರು ಬೇರೆಯವರೂ ಇದ್ದಾರೆ, ಬ್ರಿಟಿಷ್ ಗವರ್ನರ್ ಗ್ರಿಫಿತ್ ಕೂಡ ಆ ಕೀರ್ತಿಯಲ್ಲಿ ಪಾಲು ಕೇಳುತ್ತಾರೆ. ಆದರೆ ಸುತ್ತಲಿನ ಹಳ್ಳಿಯವರು ಸಸಿ ಕೊಂಡದ್ದು, ಕಂಡು ಕಲಿತದ್ದು ಮಾಂಪಾಂಗ್‌ನಲ್ಲಿ. ಪ್ರೆಟೋರಿಯಸ್ ಆ ದೇಶಕ್ಕೆ ಬಂದಾಗ ಕ್ವಾರ್ಶಿಯ ಗಿಡಗಳಿಗೆ ಮೂರ್ನಾಲ್ಕು ವರ್ಷ. ಮಿಷನ್ ಬೇಲಿಯ ಹೊರಗಿನ ಒಬ್ಬ ಕಮ್ಮಾರನ ತೋಟ ನೋಡಬೇಕೆಂದು ಯಾವ ಇನ್‌ಸ್ಪೆಕ್ಟರಿಗೆ ತಾನೆ ಹೊಳೆದೀತು?

ಆಮೇಲಿನದು ಸುಂಟರಗಾಳಿಯ ವೇಗ. 1890ರ ದಶಕದಲ್ಲಿ ಮಿಷನ್ನಿನ ವ್ಯಾಪಾರ ಕಂಪನಿ ಕೋಕೋ ಕೊಂಡು ಯುರೋಪಿಗೆ ಸಾಗಿಸಿತು. ಪೀಪಾಯಿಗಳಲ್ಲಿ ತುಂಬಿದ ಬೀಜವನ್ನು ಕೂಲಿಗಳು ಗುಡ್ಡದಿಂದ ಸಮುದ್ರದ ತನಕ ಉರುಳಿಸಿಕೊಂಡು ಹೋಗುತ್ತಿದ್ದರು. 1911ಕ್ಕೆ ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ದೇಶ. ಮೊದಲ ಮಹಾಯುದ್ಧ ಬಂತು, ಜರ್ಮನ್ನರ ನಂಟಿದ್ದ ಮಿಷನ್ನಿನವರನ್ನು ಬ್ರಿಟಿಷರು ಅಲ್ಲಿಂದ ಹೊರಗಟ್ಟಿದರು, ಶಾಲೆ-ಚರ್ಚುಗಳು ಸ್ಕಾಟಿಷರ ಪಾಲಾದವು. ವ್ಯಾಪಾರದ ಆಸ್ತಿ ಲಂಡನ್ನಿನ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು. ನಮ್ಮ ಹೆಂಚಿನ ಕಾರ್ಖಾನೆಗಳನ್ನು ನುಂಗಿದ್ದೂ ಅದೇ ಟ್ರಸ್ಟು. ಕೋಕೋ ತೋಟಗಳು ಮಾತ್ರ ಯಾರ ಕೈಗೂ ಹೋಗಲಿಲ್ಲ, ಅವು ರೈತರವೇ ಆಗಿದ್ದವು.

ಈ ರೈತರ ಲೆಕ್ಕ ಹಿಡಿದವರು ಪಾಲಿ ಹಿಲ್. ಅರ್ಥಶಾಸ್ತ್ರಜ್ಞ ಕೇನ್ಸ್‌ಗೆ ಸೋದರ ಸೊಸೆ. ಘಾನಾದಲ್ಲಿದ್ದು, ಹಳ್ಳಿ ಹಳ್ಳಿ ತಿರುಗಿ, ಜಮೀನಿನ ನಕ್ಷೆಗಳನ್ನು ಹರಡಿಕೊಂಡು ಕೂತು 1963ರಲ್ಲಿ ಪುಸ್ತಕ ಬರೆದರು. ಅಕ್ವಾಪಿಮ್ ಗುಡ್ಡದವರು ತಾಳೆ ಎಣ್ಣೆ, ರಬ್ಬರ್ ವ್ಯಾಪಾರದಲ್ಲಿ, ಕೈಕಸುಬಿನಲ್ಲಿ ಗಳಿಸಿದ ಹಣ ಹಾಕಿ, ಪಡುವಣದ ಕಾಡನ್ನು ಅಲ್ಲಿಯ ಮುಖಂಡರಿಂದ ಕೊಂಡಿದ್ದರು. ಹಲವರು ಕಂಪನಿ ಕಟ್ಟಿಕೊಂಡು, ಕೊಂಡ ಭೂಮಿಯನ್ನು ಹಾಕಿದ ಹಣಕ್ಕೆ ತಕ್ಕಂತೆ ಪಟ್ಟಿ ಪಟ್ಟಿಯಾಗಿ ಹಂಚಿಕೊಂಡರು. ಬಂದ ಲಾಭಕ್ಕೆ ಇನ್ನಷ್ಟು ಭೂಮಿ. ದಾರಿಗೆ ಅಡ್ಡ ಬಂದ ಡೆನ್ಸು ನದಿಗೆ ತಮ್ಮ ಖರ್ಚಿನಲ್ಲೇ ಸೇತುವೆ ಕಟ್ಟಿಸಿದರು. ಇವರನ್ನು ಬಡ ರೈತರೆಂದು ಕರೆದು ಅಭಿವೃದ್ಧಿ ಕಲಿಸಲು ಹೊರಟವರಿದ್ದರು. ಪಾಲಿ ಹಿಲ್ ಇವರಿಗೆ ಕೊಟ್ಟ ಹೆಸರು ಬೇರೆ: ಬಂಡವಾಳಗಾರರು.

ಅದೇ ಪಾಲಿ ಹಿಲ್ 1977–78ರಲ್ಲಿ ಬೆಂಗಳೂರಿನ ಪಕ್ಕದ ಆನೇಕಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೂತರು. ಉತ್ತರ ನೈಜೀರಿಯಾದ ಹೌಸಾ ರೈತರನ್ನೂ ನಮ್ಮ ರಾಗಿ ಬೆಳೆಯುವವರನ್ನೂ ಹೋಲಿಸಿ 1982ರಲ್ಲಿ ಒಂದು ಪುಸ್ತಕ ತಂದರು. ನಾಲ್ಕು ವರ್ಷದ ನಂತರ ಅಭಿವೃದ್ಧಿ ಅರ್ಥಶಾಸ್ತ್ರವನ್ನೇ ಕಟಕಟೆಗೆ ಹತ್ತಿಸಿ ಇನ್ನೊಂದು ಬರೆದರು. ಸರ್ಕಾರಿ ಅಂಕಿಅಂಶಗಳನ್ನು ನಂಬಿ ಹಳ್ಳಿಯ ಬಗ್ಗೆ ಮಾತಾಡುವವರ ಮೇಲೆ ಅವರಿಗಿದ್ದ ಸಿಟ್ಟು ಅದರ ಪುಟಪುಟದಲ್ಲಿದೆ, ಸಾಕ್ಷಿಗೆ ಆನೇಕಲ್ಲಿನ ಹಳ್ಳಿಗಳೂ ಇವೆ.