ಗುಡ್ಡದ ಗಾಳಿ ಹೊಲಕ್ಕೆ ಇಳಿದ ಬಗೆ

ಗಾಳಿಗೆ ಬೆಲೆ ಬರಬೇಕಾದರೆ ಮೊದಲು ಅದನ್ನು ಯಾರಾದರೂ ಅಳೆಯಬೇಕಾಗಿತ್ತು. ಗದಗ ಸೀಮೆಯ ಆಷಾಢದ ಗಾಳಿ ಇಲ್ಲಿಯವರಿಗೆ ಅನಾದಿಯಿಂದ ಪರಿಚಿತವಾದುದೇ. ಮುಂಗಾರಿನ ಮೋಡಗಳನ್ನು ಶಿರಹಟ್ಟಿ, ಮುಂಡರಗಿಗಳ ಮೇಲೆ ನಿಲ್ಲಗೊಡದೆ ಮೂಡಲಿಗೆ ಅಟ್ಟಿಬಿಡುವ ಅದನ್ನು ರೈತನು ಬೈದುದೇ ಹೆಚ್ಚು, ಕಣದಲ್ಲಿ ರಾಶಿ ತೂರುವ ಹೊತ್ತಿಗೆ ಮಾತ್ರ ಅವನು ಗಾಳಿಯ ಹಾದಿ ಕಾಯುತ್ತಿದ್ದನು. ಆದರೆ ಗಾಳಿಯು ಯಾವ ಮಾಸದಲ್ಲಿ, ದಿನದ ಯಾವ ಪ್ರಹರದಲ್ಲಿ, ಎಷ್ಟು ವೇಗದಿಂದ ಬೀಸುತ್ತದೆಂಬುದನ್ನು ಅಂಕಿಗಳಲ್ಲಿ ಬರೆದಿಡುವ ಕಾರ್ಯವು ನಮ್ಮ ದೇಶದಲ್ಲಿ ಕ್ರಮಬದ್ಧವಾಗಿ ನಡೆದುದು ಅಣ್ಣಾ ಮಣಿಯವರ ನೇತೃತ್ವದಲ್ಲಿ. ತಿರುವಾಂಕೂರಿನ ಪೀರುಮೇಡಿನಲ್ಲಿ ೧೯೧೮ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿ, ಹವಾಮಾನ ಇಲಾಖೆಯ ಉನ್ನತ ಹುದ್ದೆಯಿಂದ ೧೯೭೬ರಲ್ಲಿ ನಿವೃತ್ತರಾದ ಈ ವಿಜ್ಞಾನಿ, ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಕುಳಿತು ಇಡೀ ದೇಶದ ಗಾಳಿಯ ಲೆಕ್ಕ ಹಿಡಿದರು. ನೂರಾರು ಕಡೆ ಕಂಬ ನೆಡಿಸಿ, ಮಾಪಕಗಳನ್ನೇರಿಸಿ ನಡೆಸಿದ ಆ ಸಮೀಕ್ಷೆಯ ಪರಂಪರೆಯಲ್ಲಿಯೇ ಚಿತ್ರದುರ್ಗದ ಜೋಗಿಮಟ್ಟಿಯಂತೆ ನಮ್ಮ ಕಪ್ಪತಗುಡ್ಡವೂ ವಿದ್ಯುತ್ತಿಗೆ ಯೋಗ್ಯವಾದ ತಾಣವೆಂದು ಎಣಿಕೆಗೆ ಬಂದಿತು. ಔಷಧಸಸ್ಯಗಳಿಗೂ ಮಠಗಳಿಗೂ ಹೆಸರಾಗಿದ್ದ ಗುಡ್ಡಕ್ಕೆ ಹೀಗೆ ಇನ್ನೊಂದು ಖ್ಯಾತಿ ಪ್ರಾಪ್ತವಾಯಿತು.

ಅಳತೆಗೆ ಇಷ್ಟು ಮಹತ್ವವೇಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ಹೇಳಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಅದರೊಳಗಿನ ಶಕ್ತಿ ಇಮ್ಮಡಿಯಾಗುವುದಿಲ್ಲ, ಎಂಟು ಮಡಿಯಾಗುತ್ತದೆ. ಆದುದರಿಂದ ವೇಗದ ಅಂದಾಜಿನಲ್ಲಿ ಅಲ್ಪಸ್ವಲ್ಪ ತಪ್ಪಿದರೂ ಹೂಡಿದ ಹಣವು ನೀರಿಗೆ ಬಿದ್ದಂತೆಯೇ. ಕಪ್ಪತಗುಡ್ಡದ ನೆತ್ತಿಯ ಮೇಲೆ ಕರ್ನಾಟಕ ವಿದ್ಯುತ್ ನಿಗಮವು ಸ್ಥಾಪಿಸಿದ ಯಂತ್ರಗಳು ೨೨೫ ಕಿಲೋವಾಟಿನವು ಒಂಬತ್ತು, ೨೩೦ ಕಿಲೋವಾಟಿನವು ಹನ್ನೊಂದು. ಎಲ್ಲ ಕೂಡಿ ನಾಲ್ಕೂವರೆ ಮೆಗಾವಾಟು. ಇಂದು ಎತ್ತಿ ನಿಲ್ಲಿಸುವ ಮೂರು ಮೆಗಾವಾಟಿನ ಯಂತ್ರಗಳೆರಡು ಆ ಇಪ್ಪತ್ತನ್ನೂ ಮೀರಿಸುತ್ತವೆಂದರೆ ನಡುವಿನ ಕಾಲದಲ್ಲಿ ಏನಾಯಿತೆಂಬುದು ಊಹೆಗೆ ಬಂದೀತು. ಖಾಸಗಿ ಹೂಡಿಕೆದಾರರನ್ನು ಗುಡ್ಡಗಳಿಗೆ ಕರೆತಂದುದು ಆರಂಭದಲ್ಲಿ ಗಾಳಿಗಿಂತಲೂ ಆದಾಯ ತೆರಿಗೆಯೇ ಎನ್ನಬೇಕು. ಯಂತ್ರದ ಪೂರ್ಣ ಬೆಲೆಯನ್ನು ಮೊದಲ ವರ್ಷದಲ್ಲಿಯೇ ಸವಕಳಿಯೆಂದು ತೋರಿಸಲು ೧೯೯೦ರ ದಶಕದಲ್ಲಿ ಅನುಮತಿಯಿದ್ದ ಕಾರಣ, ಗಾಳಿ ಬೀಸಲಿ ಬಿಡಲಿ, ಲಾಭವು ಲೆಕ್ಕದ ಪುಸ್ತಕದಲ್ಲಿ ಆಗಲೇ ಬಂದು ಕುಳಿತಿರುತ್ತಿತ್ತು. ೧೯೯೬ರಲ್ಲಿ ರಾಜ್ಯದಲ್ಲಿ ನವೀಕರಿಸಬಹುದಾದ ಇಂಧನಕ್ಕಾಗಿಯೇ ಒಂದು ನಿಗಮ ಹುಟ್ಟಿತು. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯು ಉತ್ಪಾದನೆಗೆ ಲೈಸೆನ್ಸಿನ ಅಗತ್ಯವನ್ನು ತೆಗೆದುಹಾಕಿತು. ೨೦೧೭ರ ಫೆಬ್ರವರಿಯಲ್ಲಿ ಕೇಂದ್ರವು ನಡೆಸಿದ ಮೊದಲ ಹರಾಜಿನಲ್ಲಿ ಗಾಳಿ ವಿದ್ಯುತ್ತಿನ ದರ ಯೂನಿಟ್ಟಿಗೆ ೩ ರೂಪಾಯಿ ೪೬ ಪೈಸೆಗೆ ಇಳಿಯಿತು. ೨೦೨೪-೨೫ನೆಯ ಸಾಲಿನಲ್ಲಿ ೧,೩೩೧ ಮೆಗಾವಾಟುಗಳನ್ನು ಹೊಸದಾಗಿ ಸೇರಿಸಿ ಕರ್ನಾಟಕವು ದೇಶಕ್ಕೆ ಮೊದಲಿಗನಾದುದು ಈ ಸರಣಿಯ ಇನ್ನೊಂದು ಕೊಂಡಿ.

ಆದರೆ ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಶಾಸನದಲ್ಲಾಗಲಿ ದರದಲ್ಲಾಗಲಿ ಇಲ್ಲ, ಕಂಬದ ಎತ್ತರದಲ್ಲಿದೆ. ಹಳೆಯ ಯಂತ್ರಗಳ ಕಂಬಗಳು ಮೂವತ್ತು, ಐವತ್ತು ಮೀಟರುಗಳಷ್ಟೇ ಇದ್ದುದರಿಂದ ಅವುಗಳಿಗೆ ಬೆಟ್ಟದ ನೆತ್ತಿಯೇ ಬೇಕಾಗಿತ್ತು. ನೆತ್ತಿಯೆಂದರೆ ಬಹುಮಟ್ಟಿಗೆ ಅರಣ್ಯದ ಅಥವಾ ಸರ್ಕಾರದ ನೆಲ. ಕಂಬವು ನೂರು ಮೀಟರನ್ನು ದಾಟಿ, ಒಂದೊಂದು ರೆಕ್ಕೆ ಅರವತ್ತು ಮೀಟರಿಗೂ ಮಿಗಿಲಾದ ಮೇಲೆ ಬೆಟ್ಟದ ಹಂಗು ತೀರಿತು. ಲಕ್ಷ್ಮೇಶ್ವರದ ಸುತ್ತ, ಅಡರಕಟ್ಟಿಯಂಥ ಊರುಗಳುಳ್ಳ, ಎರೆಯೂ ಮಸಾರಿಯೂ ಕಲೆತು ಹೆಸರು, ಶೇಂಗಾ, ಹತ್ತಿ, ಗೋವಿನಜೋಳ ಬೆಳೆಯುವ ಬಯಲಿನಂತಹ ನೆಲವೂ ಗಾಳಿಯ ಕಂಪನಿಗಳ ನಕಾಶೆಯಲ್ಲಿ ಬಣ್ಣ ಪಡೆಯುವಂತಾಯಿತು. ಅಲ್ಲಿಯವರೆಗೆ ಮಾತುಕತೆ ಸರ್ಕಾರದೊಡನೆ. ಇನ್ನು ಮೇಲೆ ಪಹಣಿಯಲ್ಲಿ ಹೆಸರಿರುವ ರೈತನೊಡನೆ.

ಒಂದು ಫ್ಯಾನು (ಜನ ಗಾಳಿಯಂತ್ರವನ್ನು ಕರೆಯುವುದು ಹಾಗೆಯೇ, ನಾನೂ ಹಾಗೆಯೇ ಕರೆಯುತ್ತೇನೆ) ಏಳುವುದನ್ನು ನೋಡಿದವರಿಗೆ ಕೆಲಸವೆಂಬುದು ಎಲ್ಲಿ ಹುಟ್ಟಿ ಎಲ್ಲಿ ತೀರುತ್ತದೆಂಬುದು ಪ್ರತ್ಯಕ್ಷವಾಗುತ್ತದೆ. ಮೊದಲು ಬರುವುದು ದಾರಿ; ಹೊಲಗಳ ನಡುವೆ ಟಿಪ್ಪರುಗಳು ಗರಸು ತಂದು ಸುರಿಯುತ್ತವೆ, ರೋಲರು ಅದನ್ನು ಒತ್ತಿ ಅಗಲವಾದ ರಸ್ತೆ ಮಾಡುತ್ತದೆ. ಬಳಿಕ ಎರೆಮಣ್ಣನ್ನು ತೆಗೆದು ಗಟ್ಟಿ ನೆಲ ಸಿಗುವವರೆಗೆ ಇಪ್ಪತ್ತು ಮೀಟರಿನಷ್ಟು ಅಗಲದ ದುಂಡು ಗುಂಡಿ ತೋಡುತ್ತಾರೆ. ಅದರೊಳಗೆ ಸರಳು ಕಟ್ಟುವವರು ದಿನಗಟ್ಟಲೆ ಬಗ್ಗಿ ಕುಳಿತು ಕಬ್ಬಿಣದ ಬಲೆ ಹೆಣೆಯುತ್ತಾರೆ. ಕಾಂಕ್ರೀಟನ್ನಾದರೋ ನಡುವೆ ನಿಲ್ಲಿಸುವಂತಿಲ್ಲವಾದುದರಿಂದ ಮಿಕ್ಸರ್ ಲಾರಿಗಳು ಒಂದರ ಹಿಂದೊಂದು ಬಂದು, ರಾತ್ರಿಯಾದರೆ ದೀಪ ಹಚ್ಚಿಕೊಂಡು, ಒಂದೇ ಸಲಕ್ಕೆ ಸುರಿದು ಮುಗಿಸುತ್ತವೆ. ಕೊನೆಗೆ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರು, ಅದು ತಿರುವಿನಲ್ಲಿ ಸಿಕ್ಕಿಕೊಂಡರೆ ನೋಡಲು ನೆರೆಯುವ ಊರು, ತಂತಿ ಎತ್ತಿ ಹಿಡಿಯುವವರು, ಕ್ರೇನು. ಈ ಕೆಲವು ತಿಂಗಳುಗಳಲ್ಲಿ ಟ್ರ್ಯಾಕ್ಟರ್ ಇದ್ದವನಿಗೆ ಬಾಡಿಗೆ, ಖಾಲಿ ಮನೆಯುಳ್ಳವನಿಗೆ ಬಾಡಿಗೆದಾರ, ಖಾನಾವಳಿಯವನಿಗೆ ಎರಡು ಹೊತ್ತಿನ ಗಿರಾಕಿ, ಗರಸಿನ ಗುತ್ತಿಗೆದಾರನಿಗೆ ಬಿಡುವಿಲ್ಲದ ಕೆಲಸ. ಕ್ರೇನು ಹೊರಟುಹೋದ ಮೇಲೆ ಉಳಿಯುವುದು ಕೆಲವು ಫ್ಯಾನುಗಳಿಗೆ ಒಬ್ಬನಂತೆ ಕಾವಲುಗಾರ, ಇಡೀ ಗುಂಪಿಗೆ ಬೆರಳೆಣಿಕೆಯ ಐ.ಟಿ.ಐ. ಕಲಿತ ತರುಣರು: ಸೊಂಟಕ್ಕೆ ಸುರಕ್ಷತೆಯ ಪಟ್ಟಿ ಬಿಗಿದು ಕಂಬದೊಳಗಿನ ಏಣಿಯೇರಿ, ಎಣ್ಣೆ ನೋಡಿ, ನಟ್ಟುಗಳ ಬಿಗಿತವನ್ನು ಪರೀಕ್ಷಿಸಿ ಇಳಿಯುವವರು. ಹಸಿರು ಉದ್ಯೋಗಗಳಿಗೆಂದೇ ದೆಹಲಿಯಲ್ಲಿ ೨೦೧೫ರಲ್ಲಿ ಒಂದು ಕೌಶಲ ಮಂಡಳಿ ಏರ್ಪಟ್ಟಿದೆ. ಆದರೆ ತರಬೇತಿ ಪಡೆದವನಿಗೆ ತನ್ನ ಊರಿನಲ್ಲಿಯೇ ಕೆಲಸ ದೊರೆಯುವುದೆಂಬ ಭರವಸೆಯನ್ನು ಯಾವ ಮಂಡಳಿಯೂ ಕೊಡಲಾರದು.

ಹಸಿರೆಂಬ ಹೆಸರು ಹೊತ್ತುದೆಲ್ಲವೂ ಗುಡ್ಡಕ್ಕೆ ಹಿತವೆಂದೂ ತಿಳಿಯಬೇಕಾಗಿಲ್ಲ; ಈ ಗುಡ್ಡವು ಉಳಿದುದೇ ಹೋರಾಟದಿಂದ. ೨೦೧೧ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದೆಂದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ರೈತರು ಎದ್ದುನಿಂತು ಅದನ್ನು ಹಿಂದಕ್ಕೆ ಕಳುಹಿಸಿದರು; ಚಿನ್ನದ ಗಣಿಯ ಭಯವನ್ನೂ ಎದುರಿಸಿ, ಸಂರಕ್ಷಿತ ಪ್ರದೇಶವೆಂಬ ಪಟ್ಟವನ್ನು ಒಮ್ಮೆ ಪಡೆದು ಒಮ್ಮೆ ಕಳೆದುಕೊಂಡು, ಕಡೆಗೆ ೨೦೧೯ರಲ್ಲಿ ೨೪೪ ಚದರ ಕಿಲೋಮೀಟರಿನ ಕಪ್ಪತಗುಡ್ಡ ವನ್ಯಜೀವಿಧಾಮವು ಸಿದ್ಧಿಸಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮುಂಜಾನೆ ಸುತ್ತಣ ಹೊಲಗಳಿಗೆ ಮೇಯಲು ಹಾರುತ್ತವೆ. ಆ ಕೆರೆ ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಫ್ಯಾನು ನಿಲ್ಲಿಸುವ ಮೊದಲು ಗಾಳಿಯನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಹಕ್ಕಿಯ ಹಾದಿಯನ್ನೂ ಅಳೆಯತಕ್ಕದ್ದು.

ಗಾಳಿಗೂ ಬಿಸಿಲಿಗೂ ನೆಲದ ವಿಷಯದಲ್ಲಿ ಭೇದವುಂಟು. ಫ್ಯಾನು ಎರಡು ಮೂರು ಎಕರೆಗಳನ್ನು ನುಂಗಿ ಸುತ್ತಲಿನದನ್ನು ಕುಂಟೆ ಹೊಡೆಯಲು ಬಿಟ್ಟುಕೊಡುತ್ತದೆ. ಸೌರಫಲಕಗಳು ಹಾಸಿದ ನೆಲವೆಲ್ಲವನ್ನೂ ಹೊದ್ದುಕೊಳ್ಳುತ್ತವೆ. ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯ, ೨,೦೫೦ ಮೆಗಾವಾಟಿನ ಸೌರ ಉದ್ಯಾನಕ್ಕಾಗಿ ಸರ್ಕಾರವು ಭೂಮಿಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯ ಗುತ್ತಿಗೆಯ ಮೇಲೆ ಪಡೆದು, ಕಾಲಕಾಲಕ್ಕೆ ಅದು ಏರುವಂತೆಯೂ ಏರ್ಪಡಿಸಿತು. ಬರಗಾಲದಿಂದ ಬಸವಳಿದ ಹಿಡುವಳಿದಾರನಿಗೆ ಅದು ಸ್ಥಿರವಾದ ಆದಾಯವಾಯಿತೆಂಬುದು ನಿಜ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು, ಕುರಿ ಮೇಯಿಸಿ ಬದುಕುತ್ತಿದ್ದ ಭೂಹೀನನ ಹೆಸರು ಗುತ್ತಿಗೆಯ ಕಾಗದದಲ್ಲಿ ಎಲ್ಲಿಯೂ ಬರಲಿಲ್ಲ.

ದೊಡ್ಡ ಯಂತ್ರಗಳ ಈ ಗದ್ದಲದಲ್ಲಿ ಇನ್ನೊಂದು ಧಾರೆಯು ಸದ್ದಿಲ್ಲದೆ ಹರಿದುಬಂದಿದೆ. ಉದ್ಯೋಗದ ಮಾತು ಬಂದಾಗ ನನಗೆ ಹೆಚ್ಚು ಭರವಸೆ ಕೊಡುವುದು ಅದೇ. ಹರೀಶ್ ಹಂದೆಯವರು ಸಹಭಾಗಿಯೊಬ್ಬರೊಡನೆ ೧೯೯೫ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದಾಗ ಸೌರದೀಪದ ತಂತ್ರಜ್ಞಾನ ಸಿದ್ಧವಾಗಿಯೇ ಇತ್ತು. ಇಲ್ಲದಿದ್ದುದು ಹಳ್ಳಿಯವನಿಗೆ ಅದನ್ನು ಕೊಳ್ಳುವ ಸಾಲ. ಆ ಸಾಲಕ್ಕೆ ಮುಂದಾದ ಮೊದಲ ಕೆಲವು ಬ್ಯಾಂಕುಗಳಲ್ಲಿ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು ಒಂದು. ೧೯೯೭ರವರೆಗೆ ಗದಗ, ಶಿರಹಟ್ಟಿಗಳೂ ಧಾರವಾಡ ಜಿಲ್ಲೆಯವೇ ಆದುದರಿಂದ ಅದು ನಮ್ಮ ಕಡೆಯದೂ ಹೌದು. ರೈತನಿಗೆ ಸುಗ್ಗಿ ತೀರಿದ ಮೇಲೆ ಕಂತು, ಸಂತೆಯ ವ್ಯಾಪಾರಿಗೆ ದಿನದ ಲೆಕ್ಕದ ಕಂತು, ಹೀಗೆ ಗಳಿಕೆಯ ಲಯಕ್ಕೆ ಸಾಲವನ್ನು ಹೊಂದಿಸಿದ ಆ ಕ್ರಮ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ತಂದಿತು. ದೀಪದಿಂದ ಸೌರಶಕ್ತಿಯು ಹೊಲಿಗೆ ಯಂತ್ರಕ್ಕೆ, ಕಮ್ಮಾರನ ತಿದಿಗೆ, ನಮ್ಮ ಕಡೆಯ ರೊಟ್ಟಿಗೂ ಬಂದಿದೆ. ಬಿಳಿಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತಟ್ಟುವ ಶ್ರಮವನ್ನು ಸೌರಶಕ್ತಿಯಿಂದ ತಿರುಗುವ ಯಂತ್ರಕ್ಕೆ ಬಿಟ್ಟು, ಹೆಂಚಿನ ಮೇಲೆ ಬೇಯಿಸಿ ಖಡಕ್ ಮಾಡಿದರೆ, ರಟ್ಟೆ ಸೋಲುವವರೆಗೆ ತಟ್ಟಿದರೂ ಮುಟ್ಟಲಾಗದ ಲೆಕ್ಕವನ್ನು ಹೆಂಗಸೊಬ್ಬಳು ಮಧ್ಯಾಹ್ನದೊಳಗೆ ಮುಟ್ಟುತ್ತಾಳೆ. ಕರೆಂಟು ಹೋದರೂ ಖಾನಾವಳಿಯ ಆರ್ಡರು ತಪ್ಪುವುದಿಲ್ಲ. ಇಲ್ಲಿ ಯಂತ್ರ ಅವಳದು, ಗಿರಾಕಿ ಅವಳವನು, ಲಾಭವೂ ಅವಳದೇ.

ಒಡೆತನದ ಈ ಪ್ರಶ್ನೆ ಗದಗಿಗೆ ಹೊಸತಲ್ಲ. ೧೯೦೪ರ ಸಹಕಾರ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಸಿದ್ದನಗೌಡ ಪಾಟೀಲರು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿಗೆ ಒಬ್ಬೊಬ್ಬನಾಗಿ ಸಿಕ್ಕುವ ರೈತರು ಒಬ್ಬರಿಗೊಬ್ಬರು ಜಾಮೀನಾಗುವುದೇ ಅದರ ಮರ್ಮ. ವಿದ್ಯುತ್ತಿಗೂ ಇದು ಸಲ್ಲುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಸಾಕ್ಷಿಯುಂಟು; ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ೧೯೬೯ರಿಂದ ವಿದ್ಯುತ್ತನ್ನು ಹಂಚುತ್ತಿರುವುದು ಒಂದು ಸಹಕಾರ ಸಂಘ. ಗುಜರಾತಿನ ಢುಂಡಿ ಗ್ರಾಮದ ಆರು ಮಂದಿ ರೈತರು ೨೦೧೬ರಲ್ಲಿ ಸಂಘ ಕಟ್ಟಿಕೊಂಡು, ಸೌರ ಪಂಪಿಗೆ ಬಳಸಿ ಮಿಕ್ಕ ವಿದ್ಯುತ್ತನ್ನು ಮಾರತೊಡಗಿದರು. ಡೆನ್ಮಾರ್ಕಿನ ರಾಜಧಾನಿಯ ಎದುರು ಸಮುದ್ರದಲ್ಲಿ ೨೦೦೦ದಲ್ಲಿ ನಿಂತ ಇಪ್ಪತ್ತು ಯಂತ್ರಗಳಲ್ಲಿ ಅರ್ಧಪಾಲು ಸಾವಿರಾರು ಸಾಮಾನ್ಯ ನಾಗರಿಕರ ಷೇರುಗಳಿಂದ ಕೂಡಿದ ಸಂಘದ್ದು.

ಮೆಗಾವಾಟೊಂದಕ್ಕೆ ಆರೇಳು ಕೋಟಿ ರೂಪಾಯಿ ಬೇಡುವ ಯಂತ್ರವು ಒಂದು ಹಳ್ಳಿಯ ಸಂಘದ ಅಳವಿಗೆ ಮೀರಿದುದು ಹೌದು. ಆದರೆ ೨೦೦೩ರ ಕಾಯಿದೆಯೇ ಸ್ವಂತ ಬಳಕೆಯ ಸ್ಥಾವರವನ್ನು ಸಹಕಾರ ಸಂಘವೂ ಕಟ್ಟಬಹುದೆಂದು ಹೇಳುತ್ತದೆ. ೨೦೦೫ರ ನಿಯಮಗಳ ಪ್ರಕಾರ ಸದಸ್ಯರೆಲ್ಲರೂ ಕೂಡಿ ಬಂಡವಾಳದಲ್ಲಿ ಶೇಕಡ ೨೬ರಷ್ಟನ್ನು ಹೊಂದಿ, ಉತ್ಪತ್ತಿಯಲ್ಲಿ ಶೇಕಡ ೫೧ರಷ್ಟನ್ನು ತಾವೇ ಬಳಸಿದರೆ ಸಾಕು. ಹೊಲ ಕೊಡುವ ರೈತರೊಡನೆ ಈ ಭಾಗದ ಹತ್ತಿಯ ಜಿನ್ನಿನವರೂ, ಬೇಳೆ ಮತ್ತು ಎಣ್ಣೆಯ ಗಿರಣಿಗಳವರೂ ಸದಸ್ಯರಾದಲ್ಲಿ ಆ ಐವತ್ತೊಂದಕ್ಕೆ ಗಿರಾಕಿಯನ್ನು ಹುಡುಕಿಕೊಂಡು ಜಿಲ್ಲೆಯ ಗಡಿ ದಾಟಬೇಕಾಗಿಲ್ಲ.